ಲಿನ್ಸ್‌ಲಿ ಹುಡ್ ಕ್ಲಾಸ್ ಎ ಆಂಪ್ಲಿಫೈಯರ್ ಮತ್ತು ಅದರ ರೂಪಾಂತರಗಳು

ಬ್ರಿಟನ್ನಿನ ವಿನ್ಯಾಸಕಾರ ಜಾನ್ ಲಿನ್ಸ್‌ಲಿ ಹುಡ್ 1969ರ ಏಪ್ರಿಲ್ ತಿಂಗಳ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ, ನಾಲ್ಕೇ ಟ್ರಾನ್ಸಿಸ್ಟರುಗಳಿಂದ ಸುಮಾರು 10 ವ್ಯಾಟ್ ಕೊಡುವ ಆಡಿಯೊ ಆಂಪ್ಲಿಫೈಯರ್. ಕೈಯಾರೆ ಬೆಸುಗೆ ಹಾಕಿ ಆಂಪ್ಲಿಫೈಯರ್ ಕಟ್ಟುವವರ ಬಾಯಲ್ಲಿ ಇದು ‘ಜೆಎಲ್‌ಎಚ್’ ಅಥವಾ ಬರೀ ‘1969’. ಅರ್ಧ ಶತಮಾನ ದಾಟಿದ ಮೇಲೂ ಇದನ್ನು ಹೊಸದಾಗಿ ಕಟ್ಟುವವರಿದ್ದಾರೆ. ಆದರೆ ಮೂಲ ಲೇಖನದಲ್ಲಿದ್ದ ಹಾಗೆಯೇ ಕಟ್ಟುವವರು ಕಡಿಮೆ. ಅದರಲ್ಲಿ ಹೆಸರಿಸಿದ್ದ ಔಟ್‌ಪುಟ್ ಟ್ರಾನ್ಸಿಸ್ಟರುಗಳ ತಯಾರಿಕೆ ನಿಂತು ಬಹಳ ಕಾಲವಾಯಿತು. ಹಾಗಾಗಿ ಇವತ್ತು ಕಟ್ಟುವ ಪ್ರತಿಯೊಂದು ಜೆಎಲ್‌ಎಚ್ ಸ್ವಲ್ಪವೋ ಬಹಳವೋ ಒಂದು ರೂಪಾಂತರವೇ. ಯಾವುದನ್ನು ಬದಲಿಸಿದರೆ ಏನಾಗುತ್ತದೆ ಎಂಬ ತಿಳಿವಳಿಕೆ ಇಲ್ಲದೆ ಇದನ್ನು ಸರಿಯಾಗಿ ಕಟ್ಟಲಾಗದು.

ಹಿನ್ನೆಲೆ

ಈ ಮಂಡಲ ಹುಟ್ಟಿದ ಕಾರಣ ತಿಳಿಯಬೇಕಾದರೆ 1947ಕ್ಕೆ ಹೋಗಬೇಕು. ಆ ವರ್ಷದ ಏಪ್ರಿಲ್, ಮೇ ತಿಂಗಳುಗಳಲ್ಲಿ ಅದೇ ಪತ್ರಿಕೆಯಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ಒಂದು ವಾಲ್ವ್ ಆಂಪ್ಲಿಫೈಯರಿನ ವಿನ್ಯಾಸ ಪ್ರಕಟಿಸಿದರು. ಟ್ರಯೋಡ್ ರೀತಿಯಲ್ಲಿ ಜೋಡಿಸಿದ ಎರಡು ಕೆಟಿ66 ವಾಲ್ವುಗಳು, 15 ವ್ಯಾಟ್, ಶೇ. 0.1ರ ಆಸುಪಾಸಿನ ವಿಕೃತಿ. ಆ ಕಾಲಕ್ಕೆ ಇದು ಅಚ್ಚರಿಯ ಸಾಧನೆ. ಮುಂದಿನ ಹತ್ತು ಹದಿನೈದು ವರ್ಷ ಉತ್ತಮ ಧ್ವನಿಯ ಅಳತೆಗೋಲೆಂದರೆ ವಿಲಿಯಮ್ಸನ್ ಆಗಿತ್ತು. ಅದರ ಪ್ರಾಣವೆಲ್ಲ ಇದ್ದದ್ದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ. ಹಲವು ಪದರಗಳಲ್ಲಿ, ಬಹಳ ನಾಜೂಕಾಗಿ ಸುತ್ತಬೇಕಾದ, ಭಾರವೂ ದುಬಾರಿಯೂ ಆದ ವಸ್ತು ಅದು.

ಟ್ರಾನ್ಸಿಸ್ಟರ್ ಬಂದಾಗ ಈ ಟ್ರಾನ್ಸ್‌ಫಾರ್ಮರ್ ಬೇಡವಾಯಿತು. 1956ರಲ್ಲಿ ಎಚ್.ಸಿ. ಲಿನ್ ತೋರಿಸಿದ ಮಂಡಲದಲ್ಲಿ ಎರಡೂ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಒಂದೇ ಜಾತಿಯವು. ಸ್ಪೀಕರನ್ನು ಅವಕ್ಕೆ ನೇರವಾಗಿ ಜೋಡಿಸಬಹುದಾಗಿತ್ತು. 1960ರ ದಶಕದ ಹೆಚ್ಚಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳು ಇದೇ ದಾರಿ ಹಿಡಿದವು. ಬಿಸಿ ಕಡಿಮೆ ಮಾಡಲು ಕ್ಲಾಸ್ ಬಿ ಪದ್ಧತಿಯನ್ನು ಆರಿಸಿಕೊಂಡವು. ಅಂದರೆ ಧ್ವನಿತರಂಗದ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನ ಅರ್ಧವನ್ನು ಇನ್ನೊಂದು ಹೊತ್ತುಕೊಳ್ಳುತ್ತವೆ. ಹೊರೆ ಒಂದರಿಂದ ಇನ್ನೊಂದಕ್ಕೆ ದಾಟುವ ಕ್ಷಣದಲ್ಲಿ ತರಂಗ ಸಣ್ಣಗೆ ಮುರಿಯುತ್ತದೆ. ಇದಕ್ಕೆ ಕ್ರಾಸ್‌ಓವರ್ ವಿಕೃತಿ ಎಂದು ಹೆಸರು. ಇದರ ಕೆಟ್ಟ ಗುಣವೆಂದರೆ ಸದ್ದು ಜೋರಾದಾಗ ಮರೆಯಾಗಿ, ಮೆಲುದನಿಯಲ್ಲಿ ಎದ್ದು ಕಾಣುವುದು. ವೀಣೆಯ ಮೀಟು ಮೆಲ್ಲಗೆ ಕರಗುವ ಕಡೆಯ ಭಾಗದಲ್ಲಿ ಒರಟುತನ ಕೇಳಿಸಿದರೆ ಅದು ಬಹುತೇಕ ಇದರದ್ದೇ ಕೆಲಸ. ಪೂರ್ಣ ಶಕ್ತಿಯಲ್ಲಿ ಅಳೆದ ಅಂಕಿಗಳಲ್ಲಿ ವಾಲ್ವನ್ನು ಮೀರಿಸಿದ ಆಂಪ್ಲಿಫೈಯರುಗಳು ಕಿವಿಗೆ ಹಿತವಾಗದಿರಲು ಇದು ಒಂದು ಮುಖ್ಯ ಕಾರಣ.

ಲಿನ್ಸ್‌ಲಿ ಹುಡ್ (1925–2004) ಈ ಗಂಟನ್ನು ಬಿಡಿಸಿದ ರೀತಿ ನೇರವಾದದ್ದು. ಎರಡೂ ಟ್ರಾನ್ಸಿಸ್ಟರುಗಳು ಯಾವಾಗಲೂ ಪ್ರವಹಿಸುತ್ತಲೇ ಇದ್ದರೆ ದಾಟುವ ಕ್ಷಣವೇ ಇರುವುದಿಲ್ಲ. ಇದು ಕ್ಲಾಸ್ ಎ. ಮನೆಯ ಕೋಣೆಯಲ್ಲಿ ಕೇಳಲು 10 ವ್ಯಾಟ್ ಸಾಕು ಎಂದು ಒಪ್ಪಿಕೊಂಡರೆ ಬಿಸಿಯನ್ನೂ ನಿಭಾಯಿಸಬಹುದು ಎಂಬುದು ಅವರ ಲೆಕ್ಕ. ತಮ್ಮ ಹೊಸ ಮಂಡಲವನ್ನು ಅವರು ಹೋಲಿಸಿ ನೋಡಿದ್ದೂ ಹಳೆಯ ವಿಲಿಯಮ್ಸನ್ನಿನೊಂದಿಗೇ. ಇದರಲ್ಲಿ ಆ ಮನುಷ್ಯನ ಪ್ರಾಮಾಣಿಕತೆ ಕಾಣುತ್ತದೆ. ಹೊಸದು ಹಳೆಯದಕ್ಕಿಂತ ಮೇಲೆಂದು ಮೊದಲೇ ತೀರ್ಮಾನಿಸದೆ, ಹಳೆಯದರ ಸಮಕ್ಕೆ ಬಂದಿದೆಯೇ ಎಂದು ಕಿವಿಗೊಟ್ಟು ಪರೀಕ್ಷಿಸಿದರು. ಮುಂದೆ ಅವರು ಹತ್ತಾರು ವಿನ್ಯಾಸಗಳನ್ನೂ ವಾಲ್ವ್, ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳ ಬಗ್ಗೆ ಪುಸ್ತಕಗಳನ್ನೂ ಬರೆದರು. ಆದರೂ ಅವರ ಹೆಸರು ಉಳಿದಿರುವುದು ಈ ಪುಟ್ಟ ಮಂಡಲದಿಂದ.

ಮಂಡಲದ ನಡೆ

ನಾಲ್ಕು ಟ್ರಾನ್ಸಿಸ್ಟರುಗಳಲ್ಲಿ ಮೊದಲನೆಯದು ಪಿಎನ್‌ಪಿ ಜಾತಿಯ ಸಣ್ಣದು, ಮೂಲದಲ್ಲಿ 2ಎನ್3906. ಸಂಕೇತ ಅದರ ಬೇಸ್‌ಗೆ ಬರುತ್ತದೆ, ಔಟ್‌ಪುಟ್ಟಿನಿಂದ ಮರಳಿ ಬರುವ ಫೀಡ್‌ಬ್ಯಾಕ್ ಅದರ ಎಮಿಟರ್‌ಗೆ ಸೇರುತ್ತದೆ. ಎರಡರ ವ್ಯತ್ಯಾಸವನ್ನು ಅದು ಡ್ರೈವರ್ ಟ್ರಾನ್ಸಿಸ್ಟರಿಗೆ ದಾಟಿಸುತ್ತದೆ. ಡ್ರೈವರ್ ಆಗಿ ಲೋಹದ ಟೋಪಿಯ 2ಎನ್1613. ಕೊನೆಯಲ್ಲಿ ಒಂದರ ಮೇಲೊಂದು ನಿಂತ ಎರಡು ಎಮ್‌ಜೆ480 ಅಥವಾ ಎಮ್‌ಜೆ481 ಪವರ್ ಟ್ರಾನ್ಸಿಸ್ಟರುಗಳು. ಎರಡೂ ಎನ್‌ಪಿಎನ್. ಅವು ಸೇರುವ ನಡುಬಿಂದುವಿನಿಂದ ಒಂದು ದೊಡ್ಡ ಕೆಪಾಸಿಟರ್ ಮೂಲಕ ಸ್ಪೀಕರಿಗೆ ದಾರಿ.

ಚಮತ್ಕಾರ ಇರುವುದು ಡ್ರೈವರಿನಲ್ಲಿ. ಅದರ ಎಮಿಟರ್ ಕೆಳಗಿನ ಪವರ್ ಟ್ರಾನ್ಸಿಸ್ಟರಿನ ಬೇಸ್‌ಗೂ ಕಲೆಕ್ಟರ್ ಮೇಲಿನದರ ಬೇಸ್‌ಗೂ ಜೋಡಿಸಿದೆ. ಡ್ರೈವರ್ ಹೆಚ್ಚು ಪ್ರವಹಿಸಿದರೆ ಕೆಳಗಿನದಕ್ಕೆ ಹೆಚ್ಚು ಬೇಸ್ ಕರೆಂಟ್ ಸಿಗುತ್ತದೆ. ಅಷ್ಟೇ ಪ್ರಮಾಣದಲ್ಲಿ ಮೇಲಿನದರ ಪಾಲು ಕಡಿಮೆಯಾಗುತ್ತದೆ. ಏತದ ಎರಡು ತುದಿಗಳಂತೆ ಒಂದು ಇಳಿದರೆ ಇನ್ನೊಂದು ಏರುತ್ತದೆ. ಒಂದೇ ಬಿಡಿಭಾಗ ಎರಡು ವಿರುದ್ಧ ದಿಕ್ಕಿನ ಸಂಕೇತಗಳನ್ನು ತಾನೇ ಹಂಚುತ್ತದೆ. ಇದಕ್ಕಿಂತ ಕಡಿಮೆ ಭಾಗಗಳಲ್ಲಿ ಈ ಕೆಲಸ ಮಾಡುವುದು ಕಷ್ಟ.

ಮೇಲಿನ ಬೇಸ್‌ಗೆ ಕರೆಂಟ್ ಬರುವುದು ಸರಣಿಯಲ್ಲಿರುವ ಎರಡು ರೆಸಿಸ್ಟರುಗಳ ಮೂಲಕ. 8 ಓಮ್ ಸ್ಪೀಕರಿನ ಆವೃತ್ತಿಯಲ್ಲಿ ಅವು 100 ಮತ್ತು 560 ಓಮ್. ಅವೆರಡರ ನಡುವಿನ ಬಿಂದುವಿಗೆ ಔಟ್‌ಪುಟ್ಟಿನಿಂದ ಒಂದು ಕೆಪಾಸಿಟರ್ ಬಂದು ಸೇರುತ್ತದೆ. ಔಟ್‌ಪುಟ್ ಏರಿದಾಗ ಆ ಬಿಂದುವೂ ಜೊತೆಗೇ ಏರುವುದರಿಂದ ಎರಡನೆಯ ರೆಸಿಸ್ಟರಿನ ಎರಡು ತುದಿಗಳ ನಡುವಿನ ವೋಲ್ಟೇಜ್ ಬದಲಾಗುವುದಿಲ್ಲ. ಹಾಗಾಗಿ ಅದರ ಕರೆಂಟೂ ಬದಲಾಗುವುದಿಲ್ಲ. ಇದಕ್ಕೆ ಬೂಟ್‌ಸ್ಟ್ರ್ಯಾಪ್ ಎನ್ನುತ್ತಾರೆ.

ಗೇನ್ ನಿರ್ಧರಿಸುವುದು 2.7 ಕಿಲೊಓಮ್ ಮತ್ತು 220 ಓಮ್‌ನ ಫೀಡ್‌ಬ್ಯಾಕ್ ಜೋಡಿ. ಒಂದಕ್ಕೆ 2700/220 ಕೂಡಿದರೆ ಸುಮಾರು 13. ಪೂರ್ಣ 10 ವ್ಯಾಟ್‌ಗೆ ಇನ್‌ಪುಟ್‌ನಲ್ಲಿ 0.66 ವೋಲ್ಟ್ ಸಾಕು. ಈಗಿನ ಸಿ.ಡಿ. ಪ್ಲೇಯರುಗಳು 2 ವೋಲ್ಟ್ ಕೊಡುತ್ತವೆ. ಆದ್ದರಿಂದ ಪ್ರಿ-ಆಂಪ್ ಇಲ್ಲದೆ ಒಂದು ವಾಲ್ಯೂಮ್ ಕಂಟ್ರೋಲ್ ಹಾಕಿಕೊಂಡರೆ ಕೆಲಸ ನಡೆಯುತ್ತದೆ. ಇದು ಎಲ್ಲಕ್ಕಿಂತ ಸುಲಭವಾದ, ಯಾವ ಅಪಾಯವೂ ಇಲ್ಲದ ರೂಪಾಂತರ.

ಕರೆಂಟಿನ ಲೆಕ್ಕ

ಮೂಲ ಲೇಖನ ಮೂರು ಬಗೆಯ ಸ್ಪೀಕರುಗಳಿಗೆ ಮೂರು ಜೋಡಿ ಅಂಕಿಗಳನ್ನು ಕೊಟ್ಟಿತ್ತು: 3 ಓಮ್‌ಗೆ 17 ವೋಲ್ಟ್, 2 ಆಂಪಿಯರ್, 8 ಓಮ್‌ಗೆ 27 ವೋಲ್ಟ್, 1.2 ಆಂಪಿಯರ್, 15 ಓಮ್‌ಗೆ 36 ವೋಲ್ಟ್, 0.9 ಆಂಪಿಯರ್. ಈ ಅಂಕಿಗಳ ಹಿಂದಿನ ಲೆಕ್ಕ ತಿಳಿದರೆ ರೂಪಾಂತರದ ಅರ್ಧ ಕೆಲಸ ಮುಗಿದಂತೆ.

8 ಓಮ್‌ಗೆ 10 ವ್ಯಾಟ್ ಕೊಡಲು ತುದಿಯಲ್ಲಿ 12.65 ವೋಲ್ಟ್, 1.58 ಆಂಪಿಯರ್ ಬೇಕು. 27 ವೋಲ್ಟಿನ ಅರ್ಧ 13.5, ಟ್ರಾನ್ಸಿಸ್ಟರ್ ನುಂಗುವ ಒಂದು ವೋಲ್ಟ್ ಕಳೆದರೆ ಬೇಕಾದಷ್ಟು ಮಾತ್ರ ಉಳಿಯುತ್ತದೆ. ಇನ್ನು ಕರೆಂಟು. ನಿಂತ ಕರೆಂಟ್, ಅಂದರೆ ಸಂಕೇತವಿಲ್ಲದಾಗಲೂ ಹರಿಯುವ ಕರೆಂಟ್, 1.2 ಆಂಪಿಯರ್ ಇರುವಾಗ 1.58 ಎಲ್ಲಿಂದ ಬರುತ್ತದೆ? ಒಂದು ಟ್ರಾನ್ಸಿಸ್ಟರ್ ಏರುವಾಗ ಇನ್ನೊಂದು ಇಳಿಯುವುದರಿಂದ, ಸ್ಪೀಕರಿಗೆ ಸಿಗುವುದು ಎರಡರ ವ್ಯತ್ಯಾಸ. ಹೀಗೆ ನಿಂತ ಕರೆಂಟಿನ ಎರಡರಷ್ಟು, ಅಂದರೆ 2.4 ಆಂಪಿಯರ್ ತನಕ ಕ್ಲಾಸ್ ಎ ವ್ಯಾಪ್ತಿಯಲ್ಲೇ ಇರಬಹುದು. ಮೇಲಿನ ಟ್ರಾನ್ಸಿಸ್ಟರಿನ ಜಾಗದಲ್ಲಿ ಬರೀ ಸ್ಥಿರ ಕರೆಂಟ್ ಮೂಲವನ್ನು ಇಟ್ಟಿದ್ದರೆ ಅದೇ 1.2 ಆಂಪಿಯರಿನಲ್ಲಿ 6 ವ್ಯಾಟೂ ದಕ್ಕುತ್ತಿರಲಿಲ್ಲ. ಡ್ರೈವರಿನ ಏತದಿಂದ ಬಂದ ಲಾಭ ಇದು.

27 ವೋಲ್ಟಿನ ಆವೃತ್ತಿಗೆ 4 ಓಮ್ ಸ್ಪೀಕರ್ ಜೋಡಿಸಿದರೆ ತುದಿಯ ಕರೆಂಟ್ 3 ಆಂಪಿಯರ್ ದಾಟಿ, ಜೋರಾದ ಭಾಗಗಳಲ್ಲಿ ಒಂದು ಟ್ರಾನ್ಸಿಸ್ಟರ್ ಪೂರ್ತಿ ನಿಂತುಹೋಗುತ್ತದೆ. ಕಟ್ಟುವ ಮೊದಲು ಸ್ಪೀಕರ್ ನಿರ್ಧರಿಸಿ, ಆಮೇಲೆ ವೋಲ್ಟೇಜ್ ಆರಿಸುವುದೇ ಸರಿಯಾದ ಕ್ರಮ. ಸಿಕ್ಕಿದ ಟ್ರಾನ್ಸ್‌ಫಾರ್ಮರಿಗೆ ಆಂಪ್ಲಿಫೈಯರನ್ನು ಒಗ್ಗಿಸುವವರು ಇಲ್ಲಿಯೇ ಎಡವುತ್ತಾರೆ.

ಟ್ರಾನ್ಸಿಸ್ಟರ್ ಬದಲಿಸಿದಾಗ

ಈ ಮಂಡಲದಲ್ಲಿ ನಿಂತ ಕರೆಂಟನ್ನು ಗೊತ್ತುಮಾಡುವ ಬೇರೊಂದು ಭಾಗವಿಲ್ಲ. ರೆಸಿಸ್ಟರುಗಳ ಮೂಲಕ ಬರುವ ಕರೆಂಟ್ ಎರಡು ಪಾಲಾಗಿ ಎರಡು ಬೇಸ್‌ಗಳನ್ನು ಸೇರುತ್ತದೆ. ಟ್ರಾನ್ಸಿಸ್ಟರಿನ ಗೇನ್ ಅದನ್ನು ಗುಣಿಸುತ್ತದೆ. ಮೂಲ ಅಂಕಿಗಳಲ್ಲಿ ಮೇಲಿನ ಬೇಸ್ ಸುಮಾರು 14.2 ವೋಲ್ಟಿನಲ್ಲಿರುತ್ತದೆ. ಉಳಿದ 12.8 ವೋಲ್ಟನ್ನು 660 ಓಮ್‌ನಿಂದ ಭಾಗಿಸಿದರೆ 19 ಮಿಲಿ ಆಂಪಿಯರ್. ಅದರ ಅರ್ಧವನ್ನು 1.2 ಆಂಪಿಯರ್ ಆಗಿಸಲು ಪವರ್ ಟ್ರಾನ್ಸಿಸ್ಟರಿನ ಗೇನ್ 125ರ ಹತ್ತಿರ ಇರಬೇಕು.

ಈಗ ಆ ಜಾಗಕ್ಕೆ ಗೇನ್ 90 ಇರುವ ಜೋಡಿ ಹಾಕಿದಿರಿ ಎಂದುಕೊಳ್ಳಿ. ಬೇಸ್ ಕರೆಂಟ್ ಒಟ್ಟು 27 ಮಿಲಿ ಆಂಪಿಯರ್ ಬೇಕು. ರೆಸಿಸ್ಟರುಗಳ ಮೊತ್ತ 480 ಓಮ್‌ಗೆ ಇಳಿಯಬೇಕು. ಗೇನ್ 40ರ ಜೋಡಿಯಾದರೆ 60 ಮಿಲಿ ಆಂಪಿಯರ್, ಸುಮಾರು 213 ಓಮ್. ಆಗ ಡ್ರೈವರ್ ಹೊರುವ ಬಿಸಿ 0.13 ವ್ಯಾಟಿನಿಂದ 0.4 ವ್ಯಾಟಿಗೆ ಏರುತ್ತದೆ. ಅದರ ತಲೆಗೆ ಚಿಕ್ಕ ಹೀಟ್‌ಸಿಂಕ್ ಬೇಕಾಗುತ್ತದೆ. ಕಾಲು ವ್ಯಾಟಿನ ರೆಸಿಸ್ಟರ್ ಹಾಕಿದ್ದರೆ ಅದು ಸುಟ್ಟೇ ಹೋಗುತ್ತದೆ, 2 ವ್ಯಾಟಿನದು ಬೇಕು. ಒಂದು ಭಾಗ ಬದಲಿಸಿದ್ದಕ್ಕೆ ಮೂರು ಭಾಗಗಳು ಬದಲಾದವು. ನಕ್ಷೆಯಲ್ಲಿ ಬರೆದಿರುವ ಬೆಲೆಗಳನ್ನು ಹಾಗೇ ನಕಲು ಮಾಡಿ, ಕೈಗೆ ಸಿಕ್ಕ ಟ್ರಾನ್ಸಿಸ್ಟರ್ ಹಾಕಿ, “ಈ ಮಂಡಲ ಸರಿಯಿಲ್ಲ” ಎನ್ನುವವರಿಗೆ ಕಾಣದೆ ಹೋಗುವುದು ಈ ಒಂದು ಭಾಗಾಕಾರ. ಗೇನನ್ನು ಒಂದು ಆಂಪಿಯರ್ ಹರಿಯುವಾಗಲೇ ಅಳೆಯಬೇಕು. ಮಲ್ಟಿಮೀಟರಿನ ಚಿಕ್ಕ ಸಾಕೆಟ್ಟಿನಲ್ಲಿ ಬರುವ ಅಂಕಿ ಮಿಲಿ ಆಂಪಿಯರುಗಳ ಮಟ್ಟದ್ದು. ಇಲ್ಲಿ ಅದನ್ನು ನೆಚ್ಚಲಾಗದು. ಜೊತೆಗೆ ಎರಡೂ ಟ್ರಾನ್ಸಿಸ್ಟರುಗಳ ಗೇನ್ ಹತ್ತಿರ ಹತ್ತಿರ ಇರಬೇಕು.

ವೇಗವೂ ಲೆಕ್ಕಕ್ಕೆ ಬರುತ್ತದೆ. ಎಮ್‌ಜೆ480ರ ವೇಗ 4 ಮೆಗಾಹರ್ಟ್ಸ್. ಎಲ್ಲೆಡೆ ಸಿಗುವ 2ಎನ್3055ರ ಹಳೆಯ ಬಗೆ ಒಂದು ಮೆಗಾಹರ್ಟ್ಸಿಗೂ ಕಡಿಮೆ. ಆಮೇಲೆ ಬಂದ ಎಪಿಟ್ಯಾಕ್ಸಿಯಲ್ ಬಗೆ ಅದಕ್ಕಿಂತ ಚುರುಕು, ಈ ಮಂಡಲಕ್ಕೆ ಹೆಚ್ಚು ಒಗ್ಗುವಂಥದ್ದು. ಎಮ್‌ಜೆ15003 ಗಟ್ಟಿಮುಟ್ಟು, ಬಿಸಿ ತಡೆಯುತ್ತದೆ. 2ಎಸ್‌ಸಿ5200 ಬಹಳ ಚುರುಕು, 30 ಮೆಗಾಹರ್ಟ್ಸ್. ಚುರುಕಾದದ್ದೇ ಉತ್ತಮ ಎಂದು ಹಾಕಿದರೆ ಮಂಡಲ ಕಿವಿಗೆ ಕೇಳಿಸದ ಎತ್ತರದಲ್ಲಿ ತಾನೇ ಕಂಪಿಸತೊಡಗಬಹುದು. ಹೀಟ್‌ಸಿಂಕ್ ಕಾರಣವಿಲ್ಲದೆ ಬಿಸಿಯಾಗುವುದು, ಕೈ ಹತ್ತಿರ ತಂದರೆ ನಡುಬಿಂದುವಿನ ವೋಲ್ಟೇಜ್ ಕದಲುವುದು ಇದರ ಗುರುತು. ಬೇಸ್‌ಗೆ ಕೆಲವು ಓಮ್‌ನ ರೆಸಿಸ್ಟರ್, ಡ್ರೈವರಿನ ಕಲೆಕ್ಟರ್–ಬೇಸ್ ನಡುವೆ ಕೆಲವು ಹತ್ತು ಪಿಕೊಫ್ಯಾರಡಿನ ಕೆಪಾಸಿಟರ್, ಔಟ್‌ಪುಟ್ಟಿನಲ್ಲಿ 10 ಓಮ್ ಮತ್ತು 0.1 ಮೈಕ್ರೊಫ್ಯಾರಡ್ ಜೋಡಿ – ಇವು ಸಾಮಾನ್ಯ ಮದ್ದು. ಆಸಿಲೋಸ್ಕೋಪಿನಲ್ಲಿ ನೋಡದೆ ಈ ಕಾಯಿಲೆ ವಾಸಿಯಾಯಿತು ಎನ್ನಲಾಗದು.

ಮಾಸ್‌ಫೆಟ್ ಹಾಕುವ ರೂಪಾಂತರಗಳಲ್ಲಿ ಕಥೆಯೇ ಬೇರೆ. ಮಾಸ್‌ಫೆಟ್ಟಿನ ಗೇಟ್ ಸ್ಥಿರ ಕರೆಂಟನ್ನು ಸೆಳೆಯುವುದೇ ಇಲ್ಲ. ಬೇಸ್ ಕರೆಂಟಿನ ಹಂಚಿಕೆಯ ಮೇಲೆ ನಿಂತ ವ್ಯವಸ್ಥೆ ಅಲ್ಲಿ ಕುಸಿಯುತ್ತದೆ. ಗೇಟಿಗೆ ಬೇಕಾದ ವೋಲ್ಟೇಜನ್ನು ಬೇರೆಯಾಗಿ ಒದಗಿಸಬೇಕು. ಅಮೆರಿಕದ ನೆಲ್ಸನ್ ಪಾಸ್ ಈ ದಾರಿಯಲ್ಲಿ ನಡೆದು, ಲಿನ್ಸ್‌ಲಿ ಹುಡ್ ಹೆಸರನ್ನೂ ತಮ್ಮ ಹೆಸರನ್ನೂ ಬೆಸೆದು ‘ಪಿಎಲ್‌ಎಚ್’ ಎಂಬ ಆಂಪ್ಲಿಫೈಯರನ್ನು ಪ್ರಕಟಿಸಿದರು. ಅದು ಮೂಲಕ್ಕೆ ಸಲ್ಲಿಸಿದ ಗೌರವವೂ ಹೌದು, ಸ್ವತಂತ್ರ ವಿನ್ಯಾಸವೂ ಹೌದು.

ಔಟ್‌ಪುಟ್ ಕೆಪಾಸಿಟರನ್ನು ತೆಗೆಯುವುದು

ಹೆಚ್ಚು ಜನ ಮಾಡಬಯಸುವ ಬದಲಾವಣೆ ಇದು. 8 ಓಮ್‌ನ ಮೂಲ ಆವೃತ್ತಿಯಲ್ಲಿದ್ದದ್ದು 2500 ಮೈಕ್ರೊಫ್ಯಾರಡ್. ಸ್ಪೀಕರಿನೊಂದಿಗೆ ಸೇರಿ ಅದು 8 ಹರ್ಟ್ಸಿನಿಂದ ಕೆಳಗೆ ತಗ್ಗಿಸುತ್ತದೆ. ಮೃದಂಗದ ಎಡದ ಅತಿ ಕೆಳಗಿನ ನಾದಕ್ಕೂ ಅದು ಅಡ್ಡಿಯಲ್ಲ. 4700 ಹಾಕಿದರೆ 4 ಹರ್ಟ್ಸಿಗೆ ಇಳಿಯುತ್ತದೆ. ಆದರೂ ಸಂಗೀತದ ದಾರಿಯಲ್ಲಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಇರಬಾರದೆಂಬ ಅಭಿಪ್ರಾಯ ಬಲವಾದಂತೆ, ಪ್ಲಸ್ ಮತ್ತು ಮೈನಸ್ ಎರಡೂ ಸಪ್ಲೈ ಇರುವ ರೂಪಾಂತರಗಳು ಬಂದವು. ಲಿನ್ಸ್‌ಲಿ ಹುಡ್ ಅವರೇ 1996ರಲ್ಲಿ ಈ ಮಂಡಲಕ್ಕೆ ಮರಳಿ ಬಂದು ಎರಡು ಸಪ್ಲೈಗಳ ಆವೃತ್ತಿಯನ್ನು ಪ್ರಕಟಿಸಿದರು.

ಇದರಲ್ಲಿ ಲಾಭವಿದೆ, ಹೊಣೆಯೂ ಇದೆ. ಆ ಕೆಪಾಸಿಟರ್ ಒಂದು ಕಾವಲುಗಾರ. ಟ್ರಾನ್ಸಿಸ್ಟರ್ ಸುಟ್ಟು ಪೂರ್ತಿ ವೋಲ್ಟೇಜ್ ಹೊರಬಂದರೂ ಸ್ಪೀಕರಿಗೆ ಅದು ತಲುಪದಂತೆ ತಡೆಯುತ್ತದೆ. ಅದನ್ನು ತೆಗೆದ ಮೇಲೆ ಔಟ್‌ಪುಟ್ಟಿನಲ್ಲಿ ಡಿ.ಸಿ. ಕೆಲವು ಹತ್ತು ಮಿಲಿವೋಲ್ಟ್ ಮೀರದಂತೆ ಹೊಂದಿಸಬೇಕು, ಬಿಸಿಯಾದಾಗಲೂ ಅದು ಅಲ್ಲೇ ನಿಲ್ಲಬೇಕು, ತಪ್ಪಿದರೆ ಸ್ಪೀಕರನ್ನು ಬಿಡಿಸುವ ರಿಲೇ ಮಂಡಲವೂ ಬೇಕು. ಇವೆಲ್ಲ ಸೇರಿದಾಗ ನಾಲ್ಕು ಟ್ರಾನ್ಸಿಸ್ಟರಿನ ಸರಳ ಮಂಡಲ ಹತ್ತು ಹನ್ನೆರಡಕ್ಕೆ ಬೆಳೆಯುತ್ತದೆ. ಪ್ರತಿ ಭಾಗದ ಕೆಲಸವನ್ನೂ ಬೆರಳಿಟ್ಟು ತೋರಿಸಬಹುದಾದ ಗುಣವೇ ಜೆಎಲ್‌ಎಚ್‌ನ ಹಿರಿಮೆ. ಮೊದಲ ಸಲ ಕಟ್ಟುವವರು ಆ ಕೆಪಾಸಿಟರನ್ನು ಉಳಿಸಿಕೊಳ್ಳುವುದೇ ಒಳ್ಳೆಯದು. ಒಳ್ಳೆಯ ಗುಣಮಟ್ಟದ, 50 ವೋಲ್ಟಿನ, 4700 ಮೈಕ್ರೊಫ್ಯಾರಡ್ ಒಂದನ್ನು ಹಾಕಿದರೆ ಕಿವಿಗೆ ಕೊರತೆ ತೋರದು.

ಬೂಟ್‌ಸ್ಟ್ರ್ಯಾಪಿನ ಬದಲು ಟ್ರಾನ್ಸಿಸ್ಟರಿನ ಸ್ಥಿರ ಕರೆಂಟ್ ಮೂಲ ಹಾಕುವುದು ಇನ್ನೊಂದು ರೂಪಾಂತರ. ಇದರಿಂದ ಸಪ್ಲೈ ಏರಿಳಿದರೂ ನಿಂತ ಕರೆಂಟ್ ಕದಲುವುದಿಲ್ಲ. ಪ್ರಿಸೆಟ್ ತಿರುಗಿಸಿ ಹೊಂದಿಸುವುದೂ ಸುಲಭ. ಮೇಲಿನ ಬದಲಾವಣೆಗಿಂತ ಇದು ಹೆಚ್ಚು ಉಪಯುಕ್ತ ಎನ್ನಬಹುದು.

ಪವರ್ ಸಪ್ಲೈ

ಕ್ಲಾಸ್ ಬಿ ಆಂಪ್ಲಿಫೈಯರ್ ಸಂಗೀತ ನಿಂತಾಗ ಸಪ್ಲೈಯಿಂದ ಏನನ್ನೂ ಹೆಚ್ಚು ಕೇಳುವುದಿಲ್ಲ, ಹಾಗಾಗಿ ಗುಂಯ್‌ಗುಡುವುದೂ ಇಲ್ಲ. ಜೆಎಲ್‌ಎಚ್ ನಿಶ್ಶಬ್ದದಲ್ಲೂ 1.2 ಆಂಪಿಯರ್ ಎಳೆಯುತ್ತಲೇ ಇರುತ್ತದೆ. 10,000 ಮೈಕ್ರೊಫ್ಯಾರಡಿನ ಕೆಪಾಸಿಟರ್ ಹಾಕಿದರೂ ಅದರ ಮೇಲೆ ಒಂದು ವೋಲ್ಟಿಗೂ ಮಿಕ್ಕಿ 100 ಹರ್ಟ್ಸಿನ ಅಲೆ ಉಳಿಯುತ್ತದೆ. ಸರಳ ಮಂಡಲಕ್ಕೆ ಈ ಅಲೆಯನ್ನು ತಾನೇ ತಡೆಯುವ ಶಕ್ತಿ ಕಡಿಮೆ. ಒಂದು ಟ್ರಾನ್ಸಿಸ್ಟರಿನಿಂದ ಅಲೆಯನ್ನು ಸೋಸುವ ಕೆಪಾಸಿಟೆನ್ಸ್ ಮಲ್ಟಿಪ್ಲೈಯರ್ ಅಥವಾ ಪೂರ್ಣ ರೆಗ್ಯುಲೇಟರ್ ಬೇಕೇ ಬೇಕು. ಪ್ರತಿ ಚಾನೆಲ್ಲಿಗೆ 24 ವೋಲ್ಟಿನ, 80 ವಿಎ ಟ್ರಾನ್ಸ್‌ಫಾರ್ಮರ್ ಒಂದರಿಂದ 32 ವೋಲ್ಟ್ ಡಿ.ಸಿ. ಸಿಗುತ್ತದೆ, ಸೋಸಿದ ಮೇಲೆ 27. ಬಹಳ ಮಂದಿ ದುಡ್ಡನ್ನು ಹೆಸರಾಂತ ಕೆಪಾಸಿಟರುಗಳಿಗೆ ಸುರಿದು ಟ್ರಾನ್ಸ್‌ಫಾರ್ಮರಿನಲ್ಲಿ ಉಳಿಸಲು ನೋಡುತ್ತಾರೆ. ಈ ಆಂಪ್ಲಿಫೈಯರಿನ ಮಟ್ಟಿಗೆ ಅದು ತಲೆಕೆಳಗಾದ ಲೆಕ್ಕ.

ಬಿಸಿ

27 ವೋಲ್ಟ್, 1.2 ಆಂಪಿಯರ್ ಎಂದರೆ ಒಂದು ಚಾನೆಲ್ಲಿಗೆ 32 ವ್ಯಾಟ್; ಸ್ಟೀರಿಯೊಗೆ 65. ಹಾಡು ಇರಲಿ ಬಿಡಲಿ, ಇಷ್ಟು ಖರ್ಚಾಗುತ್ತದೆ. ಜೋರಾಗಿ ನುಡಿಸಿದಾಗ ಒಂದಷ್ಟು ಶಕ್ತಿ ಸ್ಪೀಕರಿಗೆ ಹೋಗುವುದರಿಂದ ಟ್ರಾನ್ಸಿಸ್ಟರುಗಳು ತುಸು ತಣ್ಣಗಾಗುತ್ತವೆ. ಸುಮ್ಮನಿದ್ದಾಗಲೇ ಅತಿ ಹೆಚ್ಚು ಬಿಸಿ.

ಪ್ರತಿ ವ್ಯಾಟಿಗೆ 0.7 ಡಿಗ್ರಿ ಏರುವ ದೊಡ್ಡ ಅಲ್ಯೂಮಿನಿಯಂ ಹೀಟ್‌ಸಿಂಕ್ ಒಂದನ್ನು ಒಂದು ಚಾನೆಲ್ಲಿಗೆ ಕೊಟ್ಟರೆ ಅದು ಕೋಣೆಗಿಂತ 23 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. 35 ಡಿಗ್ರಿಯ ಕೋಣೆಯಲ್ಲಿ 58 ಡಿಗ್ರಿ: ಮುಟ್ಟಬಹುದು, ಹಿಡಿದುಕೊಂಡಿರಲಾಗದು. ಟ್ರಾನ್ಸಿಸ್ಟರಿನ ಒಳಗೆ ಇನ್ನೂ 32 ಡಿಗ್ರಿ ಸೇರಿ 90. ಲೋಹದ ಟೋಪಿಯ 2ಎನ್3055 ಬಗೆಯವು ಇದನ್ನು ನಿರಾಯಾಸವಾಗಿ ತಾಳುತ್ತವೆ. ಲಿನ್ಸ್‌ಲಿ ಹುಡ್ ಲೆಕ್ಕ ಹಾಕಿದ್ದು ಇಂಗ್ಲೆಂಡಿನ ತಂಪು ಕೋಣೆಗೆ. ಕಲಬುರಗಿ, ರಾಯಚೂರಿನ ಏಪ್ರಿಲ್–ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ ಅದೇ ಹೀಟ್‌ಸಿಂಕ್ 65 ತಲುಪುತ್ತದೆ. ಅಲ್ಲಿ ಕಟ್ಟುವವರು ಒಂದೂವರೆ ಪಟ್ಟು ದೊಡ್ಡದನ್ನು ಹಾಕಬೇಕು. ರೆಕ್ಕೆಗಳು ನೆಟ್ಟಗೆ ನಿಲ್ಲಬೇಕು, ಕೆಳಗೂ ಮೇಲೂ ಗಾಳಿಗೆ ದಾರಿ ಇರಬೇಕು. ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನು ಹೀಟ್‌ಸಿಂಕಿಗೆ ತಾಗುವಂತೆ ಇಡಬಾರದು. 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಅರ್ಧವಾಗುತ್ತದೆ ಎಂಬುದು ತಂತ್ರಜ್ಞರು ಪಾಲಿಸುವ ಲೆಕ್ಕ.

ವಿದ್ಯುತ್ ಖರ್ಚಿನ ಬಗ್ಗೆ ಹೆದರುವವರಿಗೆ ಒಂದು ಅಂಕಿ: ಸಪ್ಲೈಯ ನಷ್ಟವೂ ಸೇರಿ 85 ವ್ಯಾಟ್ ಎಂದುಕೊಂಡು ದಿನಕ್ಕೆ ಮೂರು ಗಂಟೆ ಕೇಳಿದರೆ ತಿಂಗಳಿಗೆ ಏಳೂವರೆ ಯೂನಿಟ್ ಆಗುತ್ತದೆ.

ಕಟ್ಟುವುದು, ಹೊಂದಿಸುವುದು

ಪವರ್ ಟ್ರಾನ್ಸಿಸ್ಟರುಗಳನ್ನು ಮೈಕಾ ಹಾಳೆ ಮತ್ತು ಪೇಸ್ಟ್ ಹಚ್ಚಿ ಹೀಟ್‌ಸಿಂಕಿಗೆ ಬಿಗಿದ ಮೇಲೆ, ಟೋಪಿಗೂ ಹೀಟ್‌ಸಿಂಕಿಗೂ ನಡುವೆ ಸಂಪರ್ಕವಿಲ್ಲವೆಂದು ಮೀಟರಿನಲ್ಲಿ ನೋಡಲೇಬೇಕು. ಮೊದಲ ಸಲ ವಿದ್ಯುತ್ ಕೊಡುವಾಗ ಮೇನ್ಸ್ ತಂತಿಗೆ 60 ಅಥವಾ 100 ವ್ಯಾಟಿನ ಹಳೆಯ ತಂತು ಬಲ್ಬನ್ನು ಸೀರೀಸ್‌ನಲ್ಲಿ ಜೋಡಿಸುವ ರೂಢಿ ನಮ್ಮ ರೇಡಿಯೊ ರಿಪೇರಿ ಅಂಗಡಿಗಳಲ್ಲಿ ಮೊದಲಿನಿಂದಲೂ ಇದೆ. ತಪ್ಪಿದ್ದರೆ ಬಲ್ಬು ಪ್ರಖರವಾಗಿ ಉರಿಯುತ್ತದೆ, ಆಂಪ್ಲಿಫೈಯರ್ ಉಳಿಯುತ್ತದೆ. ಸ್ಪೀಕರಿನ ಬದಲು 8 ಓಮ್‌ನ ವೈರ್‌ವೌಂಡ್ ರೆಸಿಸ್ಟರ್ ಹಾಕಬೇಕು.

ನಡುಬಿಂದುವನ್ನು 13.5 ವೋಲ್ಟಿಗೆ ತಂದ ಮೇಲೆ ನಿಂತ ಕರೆಂಟ್ ಹೊಂದಿಸುವುದು. ಸಪ್ಲೈ ದಾರಿಯಲ್ಲಿ 0.1 ಓಮ್ ರೆಸಿಸ್ಟರ್ ಇಟ್ಟು ಅದರ ಮೇಲೆ 0.12 ವೋಲ್ಟ್ ಬರುವಂತೆ ಮೇಲಿನ ಬೇಸ್‌ನ ರೆಸಿಸ್ಟರ್ ಬದಲಿಸಿದರೆ, ಅಥವಾ ಸ್ಥಿರ ಕರೆಂಟ್ ಮೂಲದ ಆವೃತ್ತಿಯಲ್ಲಿ ಪ್ರಿಸೆಟ್ ತಿರುಗಿಸಿದರೆ, 1.2 ಆಂಪಿಯರ್. ತಕ್ಷಣ ನೋಡಿ ಮುಗಿಸಬಾರದು. ಟ್ರಾನ್ಸಿಸ್ಟರ್ ಬಿಸಿಯಾದಂತೆ ಗೇನ್ ಏರುತ್ತದೆ, ಅದರೊಂದಿಗೆ ಕರೆಂಟೂ ಏರುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ಹೊಂದಿಸಿ, ಇನ್ನರ್ಧ ಗಂಟೆಗೆ ಇನ್ನೊಮ್ಮೆ ನೋಡಬೇಕು. ಎಲ್ಲ ಗ್ರೌಂಡ್ ತಂತಿಗಳು ಒಂದೇ ಬಿಂದುವಿನಲ್ಲಿ ಸೇರಬೇಕು, ಪೆಟ್ಟಿಗೆಗೆ ಅರ್ತಿಂಗ್ ಇರಬೇಕು.

ಬಿಡಿಭಾಗಗಳ ಲಭ್ಯತೆ

1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ವಾಲ್ವುಗಳನ್ನೂ ಆಮೇಲೆ ಟ್ರಾನ್ಸಿಸ್ಟರುಗಳನ್ನೂ ತಯಾರಿಸುತ್ತಿದ್ದ ಕಾಲದಲ್ಲಿ ಬಿಇಎಲ್ 187, 188ರಂಥ ಹೆಸರುಗಳು ಹವ್ಯಾಸಿಗಳಿಗೆ ಬಾಯಿಪಾಠವಾಗಿದ್ದವು. ಕಾಲೇಜು ಪ್ರಯೋಗಶಾಲೆಗಳಲ್ಲಿ ಎಲ್ಲರೂ ಕಂಡಿರುವ ಲೋಹದ ಟೋಪಿಯ ಎಸ್‌ಎಲ್100 ಕೂಡ ಇಲ್ಲಿನ ಡ್ರೈವರ್ ಜಾಗಕ್ಕೆ ಹೊಂದುವ ಎನ್‌ಪಿಎನ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ, ಟ್ರಾನ್ಸ್‌ಫಾರ್ಮರ್, ಹೀಟ್‌ಸಿಂಕ್ ಎಲ್ಲವೂ ನಡೆದಾಡುವಷ್ಟು ದೂರದಲ್ಲೇ ಸಿಗುತ್ತವೆ. ಚೀನಾದಿಂದ ‘1969’ ಎಂದೇ ಹೆಸರು ಅಚ್ಚಾದ ಬೋರ್ಡುಗಳೂ ಕಿಟ್‌ಗಳೂ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಮೇಲೆ ಹೇಳಿದ ರೂಪಾಂತರಗಳ ಬೇರೆ ಬೇರೆ ಬೆರಕೆಗಳು.

ನಕಲಿ ಪವರ್ ಟ್ರಾನ್ಸಿಸ್ಟರುಗಳು ನಿಜವಾದ ತೊಂದರೆ. ಎಮ್‌ಜೆ15003, 2ಎಸ್‌ಸಿ5200 ಎಂದು ಮೇಲೆ ಬರೆದಿದ್ದರೂ ಒಳಗಿನ ಸಿಲಿಕಾನ್ ಚೂರು ಬಹಳ ಚಿಕ್ಕದಿರುತ್ತದೆ. ಕ್ಲಾಸ್ ಎ ಮಂಡಲದಲ್ಲಿ ಅಂಥದ್ದು ಹೆಚ್ಚು ಹೊತ್ತು ಬಾಳದು. ಎರಡು ಹೆಚ್ಚಿಗೆ ಕೊಂಡು, ಒಂದರ ಟೋಪಿಯನ್ನು ಗರಗಸದಿಂದ ಕತ್ತರಿಸಿ ನೋಡುವುದು ಅತಿಯಾಯಿತು ಎನಿಸಬಹುದು. ಆದರೆ ಅದು ಸ್ಪೀಕರಿಗಿಂತ ಅಗ್ಗ.

ಧ್ವನಿ

ಪೂರ್ಣ ಶಕ್ತಿಯಲ್ಲಿ ಈ ಆಂಪ್ಲಿಫೈಯರಿನ ವಿಕೃತಿ ಶೇ. 0.1ರೊಳಗೆ, ಅದರಲ್ಲಿ ಹೆಚ್ಚಿನದು ಎರಡನೆಯ ಹಾರ್ಮೋನಿಕ್, ಅಂದರೆ ಮೂಲ ಸ್ವರದ ಮೇಲಿನ ಷಡ್ಜದಂತೆ ಅದರೊಂದಿಗೇ ಬೆರೆತುಹೋಗುವಂಥದ್ದು. ಸದ್ದು ಇಳಿದಂತೆ ವಿಕೃತಿಯೂ ಇಳಿಯುತ್ತದೆ. ಕ್ಲಾಸ್ ಬಿ ಎಲ್ಲಿ ಸೋಲುತ್ತದೋ ಅಲ್ಲಿ ಇದು ಗೆಲ್ಲುತ್ತದೆ. ತಂಬೂರಿಯ ಶ್ರುತಿ, ಕೊಳಲಿನ ಉಸಿರು, ಆಲಾಪನೆಯ ಕಡೆಯಲ್ಲಿ ಕರಗುವ ಕಂಠ, ಇವನ್ನು ಕೇಳಲು ಇದು ಹೇಳಿ ಮಾಡಿಸಿದ ಆಂಪ್ಲಿಫೈಯರ್. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಕೊಡುವ ಸ್ಪೀಕರಿನಲ್ಲಿ 10 ವ್ಯಾಟ್ ಎಂದರೆ 98 ಡೆಸಿಬೆಲ್. ಮನೆಗೆ ಸಾಕು, ಮದುವೆ ಮಂಟಪಕ್ಕೆ, ದೊಡ್ಡ ಹಾಲ್‌ಗೆ ಖಂಡಿತ ಸಾಲದು.

ಈಗ ಒಂದೇ ಐಸಿಯಿಂದ ಕಟ್ಟುವ ಆಂಪ್ಲಿಫೈಯರುಗಳಿವೆ. 1999ರಲ್ಲಿ ಜಪಾನಿನ 47 ಲ್ಯಾಬೊರೇಟರಿ ತಂದ ಗೇನ್‌ಕಾರ್ಡಿನ ಅನುಕರಣೆಯಲ್ಲಿ ಹುಟ್ಟಿದ, ಎಲ್‌ಎಂ3875 ಬಳಸುವ ‘ಗೇನ್‌ಕ್ಲೋನ್’ ಅಂಥದ್ದು. ಅದು ಅಗ್ಗ, ತಂಪು, ಹೆಚ್ಚು ಶಕ್ತಿಯದು. ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಆದರೆ ಕಪ್ಪು ಚಿಪ್ಪಿನೊಳಗೆ ಏನು ನಡೆಯುತ್ತದೆ ಎಂದು ಅದು ತೋರಿಸಿಕೊಡುವುದಿಲ್ಲ. ಜೆಎಲ್‌ಎಚ್‌ನಲ್ಲಿ ಎಲ್ಲವೂ ಹೊರಗೇ ಇದೆ, ಮೀಟರಿನ ಮೊನೆಗೆ ಎಟುಕುವಂತಿದೆ. ಆದ್ದರಿಂದ ಕಟ್ಟುವವರಲ್ಲಿ ಒಂದು ಕೋರಿಕೆ: ಮೊದಲ ಜೋಡಿಯನ್ನು ಮೂಲ ನಕ್ಷೆಯಂತೆ, ನಿಮ್ಮ ಟ್ರಾನ್ಸಿಸ್ಟರಿನ ಗೇನ್‌ಗೆ ರೆಸಿಸ್ಟರನ್ನಷ್ಟೇ ಹೊಂದಿಸಿ ಕಟ್ಟಿ, ಒಂದು ತಿಂಗಳು ಕೇಳಿ. ಅಳೆದ ವೋಲ್ಟೇಜ್, ಕರೆಂಟ್, ಗೇನ್ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ರೂಪಾಂತರಕ್ಕೆ ಕೈ ಹಾಕುವುದು ಆಮೇಲೆ ಇರಲಿ.